ಮೆಟ್ರೊನೋಮ್ ಎರಡು ಸಲ ಬಡಿಯುತ್ತದೆ

ಪ್ರಶ್ನೆ: ತಬಲಾ ರಿಯಾಜಿಗೆಂದು 555 ಟೈಮರ್ ಐಸಿ, 9 ವೋಲ್ಟ್ ಬ್ಯಾಟರಿಯ ಮೆಟ್ರೊನೋಮ್ (ಲಯಕ್ಕೆ ಸಮವಾಗಿ ಬಡಿಯುವ ಸಾಧನ) ಮಾಡಿದೆ. ಲೆಕ್ಕಕ್ಕಿಂತ ದುಪ್ಪಟ್ಟು ಬಡಿಯುತ್ತದೆ. ವೇಗ ಹೊಂದಿಸುವ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಐಸಿಯ 6–7ನೇ ಪಿನ್ ನಡುವೆ ಇದೆ. ಯಾಕೆ ಸರ್?
– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಪಾಟ್‌ನ ಜಾಗ ಬದಲಿಸಿ. ಔಟ್‌ಪುಟ್ ಆದ 3ನೇ ಪಿನ್‌ನ ವೋಲ್ಟೇಜ್ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಸ್ಪೀಕರ್ ‘ಟಕ್’ ಎನ್ನುತ್ತದೆ. ಈಗ ಎರಡರ ಅಂತರವೂ ಹೆಚ್ಚುಕಡಿಮೆ ಸಮ, ಅದಕ್ಕೇ ದುಪ್ಪಟ್ಟು ಬಡಿತ ಕೇಳುತ್ತದೆ. 220 ಕಿಲೋಓಮ್ ಪಾಟ್, ಅದರೊಂದಿಗೆ ಸರಣಿಯಲ್ಲಿ 39 ಕಿಲೋಓಮ್ ರೆಸಿಸ್ಟರ್ 7–8ರ ನಡುವೆ ಹಾಕಿ. 6–7ಕ್ಕೆ ಬರೀ 1 ಕಿಲೋಓಮ್ ಸಾಕು. ಆಗ ಎರಡು ಸದ್ದಿನ ಅಂತರ ಸುಮಾರು 7 ಮಿಲಿಸೆಕೆಂಡ್, ಕಿವಿಗೆ ಒಂದೇ. ಬಡಿತದ ವೇಗ ನಿರ್ಧರಿಸುವ ಟೈಮಿಂಗ್ ಕೆಪಾಸಿಟರ್ 10 ಮೈಕ್ರೊಫ್ಯಾರಡ್ ಇದ್ದರೆ ನಿಮಿಷಕ್ಕೆ ಸುಮಾರು 35ರಿಂದ 210 ಬಡಿತ ಸಿಗುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮೇಲೆ ಬರೆದ ಮೈಕ್ರೊಫ್ಯಾರಡ್ ಅಂಕಿಯನ್ನು ಪೂರ್ತಿ ನಂಬಬೇಡಿ, ಶೇ 20ರಷ್ಟು ಅತ್ತಿತ್ತ ಇರುವುದು ಮಾಮೂಲಿ. ಡಯಲ್ ಗುರುತನ್ನು ಮೊಬೈಲ್ ಸ್ಟಾಪ್‌ವಾಚ್ ಹಿಡಿದೇ ಹಾಕಿ.