ಓಮೆರ್ ಎಂದರೆ ಎಷ್ಟು ಲೀಟರ್?

ಓದುಗರ ಪತ್ರ: ಬೈಬಲಿನ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ತಲೆಗೊಂದು ಓಮೆರ್ ಮನ್ನ (ದೇವರು ಕೊಟ್ಟ ಆಹಾರ) ಕೂಡಿಸಿಕೊಂಡರು ಎಂದಿದೆ. ಒಂದು ಪಟ್ಟಿ ಓಮೆರ್ ಅನ್ನು 2.2 ಲೀಟರ್ ಎನ್ನುತ್ತದೆ, ಇನ್ನೊಂದು 2.5, ಮತ್ತೊಂದು 4.3. ಯಾವುದನ್ನು ನಂಬಲಿ?

ಸಂಪಾದಕರ ಉತ್ತರ: ಮೂರರಲ್ಲೂ ಗುಣಾಕಾರ ಸರಿಯಾಗಿಯೇ ಇದೆ, ಬುನಾದಿ ಮಾತ್ರ ಬೇರೆ ಬೇರೆ. ಹಳೆಯ ಯೆಹೂದಿ ಅಳತೆಗಳ ಸರಣಿ ಹೀಗಿದೆ: 6 ಕೋಳಿಮೊಟ್ಟೆಯ ಗಾತ್ರ 1 ಲೋಗ್, 4 ಲೋಗ್ 1 ಕವ್, 6 ಕವ್ 1 ಸೆಆ, 3 ಸೆಆ 1 ಏಫಾ. ಇಲ್ಲಿಯವರೆಗೆ ಯೆಹೂದಿ ಪಂಡಿತರಲ್ಲಿ ತಕರಾರಿಲ್ಲ. ಓಮೆರ್ ಏಫಾದ ಹತ್ತನೆಯ ಒಂದು ಪಾಲು ಎಂದು ನೀವು ಓದಿದ ಅಧ್ಯಾಯದ ಕೊನೆಯ ವಚನವೇ ಹೇಳುತ್ತದೆ. ಹಾಗಾಗಿ ಏಫಾಕ್ಕೆ 432 ಮೊಟ್ಟೆ, ಓಮೆರ್‌ಗೆ 43.2. ಒಂದು ಮೊಟ್ಟೆ ಎಷ್ಟು ಮಿಲಿಲೀಟರ್ ಎನ್ನುವಲ್ಲೇ ಚರ್ಚೆ ಹುಟ್ಟುವುದು.

ಯೆಹೂದಿ ಧರ್ಮಶಾಸ್ತ್ರದವರು ಇದನ್ನು ಹೆಬ್ಬೆರಳಿನ ಅಗಲದಿಂದ ಲೆಕ್ಕ ಹಾಕುತ್ತಾರೆ. ಉದ್ದ 2 ಬೆರಳು, ಅಗಲ 2, ಎತ್ತರ 2.7: ಈ ಪೆಟ್ಟಿಗೆಯಲ್ಲಿ ಹಿಡಿಸುವುದು ಒಂದೂವರೆ ಮೊಟ್ಟೆ. ರಬ್ಬಿ (ಯೆಹೂದಿ ಧರ್ಮಗುರು) ಅವ್ರಹಾಂ ಹಯೀಂ ನಾಎ ಬೆರಳಿಗೆ 2 ಸೆಂ.ಮೀ. ಹಿಡಿದರು. ಪೆಟ್ಟಿಗೆ 86.4 ಮಿ.ಲೀ. ಆಯಿತು, ಮೊಟ್ಟೆ 57.6. ಹಜೋನ್ ಈಶ್ ಎಂದು ಹೆಸರಾದ ರಬ್ಬಿಯ ಲೆಕ್ಕದಲ್ಲಿ ಬೆರಳು 2.4 ಸೆಂ.ಮೀ., ಮೊಟ್ಟೆ 99.5 ಮಿ.ಲೀ. ಬೆರಳಿನಲ್ಲಿರುವುದು ಬರೀ 4 ಮಿ.ಮೀ. ವ್ಯತ್ಯಾಸ, ಆದರೆ ಮೂರು ದಿಕ್ಕಿಗೂ ಗುಣಿಸಿಕೊಂಡು ಗಾತ್ರ 1.73 ಪಟ್ಟಾಗುತ್ತದೆ. ಓಮೆರ್ 2.49 ಲೀಟರ್‌ನಿಂದ 4.30ಕ್ಕೆ ಜಿಗಿಯುವುದು ಹೀಗೆ.

2.2 ಬಂದದ್ದು ಉತ್ಖನನದ ದಾರಿಯಿಂದ. ಯೆಹೆಜ್ಕೇಲ 45:11ರ ಪ್ರಕಾರ ಧಾನ್ಯದ ಏಫಾ, ದ್ರವದ ಬತ್ ಎರಡೂ ಒಂದೇ ಅಳತೆ. ‘ಬತ್’ ಎಂದು ಬರೆದಿರುವ ಮಡಕೆ ಚೂರುಗಳಿಂದ ಇಡೀ ಪಾತ್ರೆಯನ್ನು ಊಹಿಸಿ ಸುಮಾರು 22 ಲೀಟರ್ ಎಂದರು; ಅದರ ಹತ್ತನೆಯ ಒಂದು ಪಾಲೇ ಓಮೆರ್‌ನ 2.2. ಚೂರಿನಿಂದ ಕಟ್ಟಿದ ಅಂದಾಜು ಇದು, ದಶಮಾಂಶಕ್ಕೆ ಇನ್ನಷ್ಟು ಅಂಕಿ ಸೇರಿಸಿದರೆ ಸುಳ್ಳು ನಿಖರತೆ ಬರುತ್ತದೆ.

ಬೈಬಲ್ ಓದಿಗೆ 2.2 ಸಾಕು. ಯೆಹೂದಿ ಆಚರಣೆಯ ಲೆಕ್ಕವಾದರೆ ರಬ್ಬಿಗಳ ಎರಡರಲ್ಲಿ ಒಂದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ನಡೆಯಿರಿ. ಒಂದು ಪಟ್ಟಿಯ ಲೋಗನ್ನು ಇನ್ನೊಂದರ ಏಫಾಕ್ಕೆ ಬೆರೆಸಿದರೆ ಎಲ್ಲವೂ ಕೆಡುತ್ತದೆ. ಲೀಟರನ್ನು ಕಿಲೋ ಎಂದೂ ಓದಬೇಡಿ. ನಾಎ ಲೆಕ್ಕದ ಒಂದು ಓಮೆರ್ ಹಿಟ್ಟು ತೂಗುವುದು ಸುಮಾರು 1.67 ಕಿಲೋ ಅಷ್ಟೇ.

ಕೊನೆಯದಾಗಿ, ಕನ್ನಡದಲ್ಲಿ ಒಂದಕ್ಷರದ ಅಪಾಯವಿದೆ: ಓಮೆರ್ ಬೇರೆ, ಹೋಮೆರ್ ಬೇರೆ. ಹೋಮೆರ್ ಎಂದರೆ 10 ಏಫಾ, ಅಂದರೆ 100 ಓಮೆರ್. ಬೈಬಲಿನ ಅರಣ್ಯಕಾಂಡ 11:32ರಲ್ಲಿ ಅತಿ ಕಡಿಮೆ ಕೂಡಿಸಿದವನಿಗೂ 10 ಹೋಮೆರ್ ಲಾವಕ್ಕಿ ಸಿಕ್ಕಿತು. ಅದು ಸುಮಾರು 2,200 ಲೀಟರ್. ‘ಹ’ ಬಿಟ್ಟು ಓದಿದರೆ 22ಕ್ಕೆ ಇಳಿದುಬಿಡುತ್ತದೆ.