ಗೋಧಿ ಬಿಟ್ಟ ಮೇಲೂ ಗೋಧಿ ಎಲ್ಲಿಂದ ಬರುತ್ತದೆ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಸೀಲಿಯಾಕ್ ಕಾಯಿಲೆ ಇರುವವರ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಇದನ್ನು ವಾಸಿ ಮಾಡುವ ಮಾತ್ರೆ ಇಲ್ಲ. ಜೀವನಪೂರ್ತಿ ಪಥ್ಯವೇ ಚಿಕಿತ್ಸೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ಒಂಬತ್ತು ವರ್ಷದ ಮಗಳಿಗೆ ಸೀಲಿಯಾಕ್ ಅಂತ ಗೊತ್ತಾಗಿ ನಾಲ್ಕು ತಿಂಗಳಾಯಿತು. ಚಪಾತಿ, ಬ್ರೆಡ್ಡು, ಬಿಸ್ಕತ್ತು, ಉಪ್ಪಿಟ್ಟು ಎಲ್ಲ ನಿಲ್ಲಿಸಿದ್ದೇವೆ. ಮುದ್ದೆ, ಜೋಳದ ರೊಟ್ಟಿ, ಅನ್ನ ಸಾರು ಬಿಟ್ಟು ಬೇರೇನೂ ಕೊಡುವುದಿಲ್ಲ. ಮೊದಲು ಚೇತರಿಸಿಕೊಂಡಳು, ಈಗ ಮತ್ತೆ ಹೊಟ್ಟೆನೋವು, ಭೇದಿ. ಎಲ್ಲಿ ತಪ್ಪುತ್ತಿದ್ದೇವೆ? — ಗೃಹಿಣಿ, ಹೊಳಲ್ಕೆರೆ

ಉತ್ತರ: ನೀವು ಕೊಡುತ್ತಿರುವ ಧಾನ್ಯಗಳಲ್ಲಿ ದೋಷವಿಲ್ಲ. ರಾಗಿ, ಜೋಳ, ಅಕ್ಕಿ, ನವಣೆ, ಸಾಮೆ, ಸಜ್ಜೆ, ಮೆಕ್ಕೆಜೋಳ ಎಲ್ಲವೂ ನಿಮ್ಮ ಮಗಳಿಗೆ ಆಗುತ್ತವೆ. ಅನುಮಾನಿಸಬೇಕಾದ್ದು ಅವು ಹಿಟ್ಟಾಗುವ ಜಾಗವನ್ನು. ಮೊದಲು ಗಿರಣಿ ನೋಡಿ.

ಗೋಧಿ ಬೀಸಿದ ಬೆನ್ನಿಗೇ ನಿಮ್ಮ ಜೋಳ ಸುರಿದರೆ, ಕಲ್ಲುಗಳ ನಡುವೆ, ಕಲ್ಲಿನ ಸುತ್ತಲಿನ ಗೂಡಿನಲ್ಲಿ, ಹಿಟ್ಟು ಇಳಿಯುವ ಬಟ್ಟೆಯಲ್ಲಿ ಉಳಿದ ಗೋಧಿ ಹಿಟ್ಟು ನಿಮ್ಮ ಡಬ್ಬಕ್ಕೆ ಬಂದು ಬೀಳುತ್ತದೆ. ಎಷ್ಟು ಬಂದರೆ ಹೆಚ್ಚು ಎಂಬುದಕ್ಕೆ ಲೆಕ್ಕ ಇದೆ. ‘ಗ್ಲುಟೆನ್ ಮುಕ್ತ’ ಎಂದು ಪೊಟ್ಟಣದ ಮೇಲೆ ಬರೆಯಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಗೋಧಿ ಹಿಟ್ಟಿನ ತೂಕದಲ್ಲಿ ಹತ್ತರಲ್ಲೊಂದು ಪಾಲು ಗ್ಲುಟೆನ್ ಎಂದು ಹಿಡಿದರೆ, ಐದು ಕಿಲೋ ಜೋಳದ ಹಿಟ್ಟಿಗೆ ಒಂದೇ ಗ್ರಾಂ ಗೋಧಿ ಹಿಟ್ಟು ಬೆರೆತರೂ ಆ ಮಿತಿ ತುಂಬಿಹೋಗುತ್ತದೆ. ಒಂದು ಗ್ರಾಂ ಅಂದರೆ ಅರ್ಧ ಟೀ ಚಮಚವೂ ಅಲ್ಲ. ಗಿರಣಿಯ ಬಟ್ಟೆಯನ್ನು ಒಮ್ಮೆ ಕೊಡವಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಉದುರುತ್ತದೆ.

ಆದ್ದರಿಂದ ನಿಮ್ಮ ಮಗಳ ಹಿಟ್ಟು ಮನೆಯಲ್ಲೇ ಆಗುವುದು ಒಳ್ಳೆಯದು. ಒಬ್ಬಳಿಗೆ ಬೇಕಾದಷ್ಟನ್ನು ಮಿಕ್ಸಿಯಲ್ಲಿ ಕಾಲು ಕಿಲೋದಂತೆ ಬೀಸಿ ನುಣ್ಣಗೆ ಜರಡಿ ಹಿಡಿಯಬಹುದು. ಮನೆ ಬಳಕೆಯ ಚಿಕ್ಕ ಗಿರಣಿ ಕೊಂಡರೆ ಅದಕ್ಕೆ ಗೋಧಿ ಒಮ್ಮೆಯೂ ಹಾಕಬಾರದು. ಊರಿನಲ್ಲಿ ರಾಗಿ, ಜೋಳಕ್ಕೇ ಬೇರೆ ಯಂತ್ರ ಇಟ್ಟಿರುವ ಗಿರಣಿ ಇದ್ದರೆ ವಿಚಾರಿಸಿ, ಅದರಲ್ಲಿ ಗೋಧಿ ಬೀಸುವುದೇ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಮೊದಲು ಎರಡು ಕಿಲೋ ಅಕ್ಕಿ ಬೀಸಿ ಆಮೇಲೆ ಜೋಳ ಹಾಕಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಅದರಿಂದ ಬೆರಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಮಗುವಿಗೆ ತೊಂದರೆ ಮರುಕಳಿಸಿರುವಾಗ ಅದನ್ನು ನಂಬಿಕೊಳ್ಳಬೇಡಿ. ಸಡಿಲವಾಗಿ ತೂಗಿ ಮಾರುವ ರೊಟ್ಟಿ ಹಿಟ್ಟನ್ನಂತೂ ತರಲೇಬೇಡಿ. ಕಾಳು ತಂದಾಗ ಮೊರದಲ್ಲಿ ಹಾಕಿ ಗೋಧಿ ಕಾಳು ಆರಿಸಿ, ಮೂರು ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯ ಮೇಲೆ ಒಣಗಿಸಿ.

ಎರಡನೆಯದು ಇಂಗು. ಇದನ್ನು ಹೇಳಿದಾಗ ಹೆಚ್ಚಿನವರು ನಂಬುವುದೇ ಇಲ್ಲ. ಶುದ್ಧ ಇಂಗು ಬಹಳ ಘಾಟು. ಅದಕ್ಕೇ ಗೋಂದು ಮತ್ತು ಹಿಟ್ಟು ಬೆರೆಸಿ ಹದ ಮಾಡಿ ಮಾರುತ್ತಾರೆ. ಆ ಹಿಟ್ಟು ಕೆಲವು ಕಂಪನಿಗಳಲ್ಲಿ ಅಕ್ಕಿಯದು, ಬಹಳಷ್ಟರಲ್ಲಿ ಗೋಧಿಯದು ಇಲ್ಲವೇ ಮೈದಾ. ದಿನಾ ಸಾರಿನ ಒಗ್ಗರಣೆಗೆ ಬೀಳುವ ಚಿಟಿಕೆ ದಿನಾ ಕರುಳಿಗೂ ಬೀಳುತ್ತದೆ. ಡಬ್ಬಿಯ ಹಿಂದಿನ ಪಟ್ಟಿ ಓದಿ. ಅಂಗಡಿಯ ಸಾರಿನ ಪುಡಿ, ಸಾಂಬಾರ್ ಪುಡಿಗಳಲ್ಲೂ ಇದೇ ಇಂಗು ಇರುತ್ತದೆ. ಅಕ್ಕಿ ಹಿಟ್ಟಿನ, ಗ್ಲುಟೆನ್ ಮುಕ್ತ ಎಂದು ಬರೆದ ಇಂಗು ಸಿಗುವವರೆಗೆ ಬೆಳ್ಳುಳ್ಳಿ ಒಗ್ಗರಣೆ ಕೊಡಿ.

ಮೂರನೆಯದು ಪಾತ್ರೆ. ಮನೆಯಲ್ಲಿ ಉಳಿದವರು ಚಪಾತಿ ತಿನ್ನುವುದಾದರೆ ಮಗಳಿಗೆ ಬೇರೆ ಜರಡಿ, ಬೇರೆ ಲಟ್ಟಣಿಗೆ ಮಣೆ, ಬೇರೆ ಹಂಚು, ಬೇರೆ ಕಟ್ಟಿಗೆ ಸೌಟು ಇಡಿ. ಸ್ಟೀಲ್ ಪಾತ್ರೆ ಸೋಪು ಹಾಕಿ ತಿಕ್ಕಿದರೆ ಸಾಕು. ಜರಡಿಯ ಕಣ್ಣು, ಕಟ್ಟಿಗೆಯ ಬಿರುಕು, ಕಬ್ಬಿಣದ ಹಂಚಿನ ಒರಟು ಮೈ ತೊಳೆದರೂ ಹಿಟ್ಟು ಬಿಡುವುದಿಲ್ಲ. ಹಂಚು ಕಾದರೆ ಗ್ಲುಟೆನ್ ಸುಟ್ಟುಹೋಗುತ್ತದೆ ಎಂಬುದು ತಪ್ಪು. ಅಡುಗೆಯ ಬಿಸಿಗೆ ಅದರ ಗುಣ ಹೋಗುವುದಿಲ್ಲ. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿದು ಕೊಡುವುದೂ ಬೇಡ. ಮಗಳ ರೊಟ್ಟಿ ಮೊದಲು ಮಾಡಿ ಮುಚ್ಚಿಟ್ಟು, ಆಮೇಲೆ ಚಪಾತಿ ಹಿಟ್ಟು ಕಲಸಿ. ಹಾರಿದ ಹಿಟ್ಟಿನ ಪುಡಿ ಬಹಳ ಹೊತ್ತು ಗಾಳಿಯಲ್ಲೇ ಇರುತ್ತದೆ.

ಹಾಲಿಗೆ ಬೆರೆಸುವ ಮಾಲ್ಟ್ ಪುಡಿ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ, ಹೆಚ್ಚಿನವುಗಳಲ್ಲಿ ಬಾರ್ಲಿ ಅಥವಾ ಗೋಧಿ ಇದೆ. ಬರೀ ಹಾಲು ಕುಡಿದಾಗಲೇ ಭೇದಿ ಹೆಚ್ಚಾಗುತ್ತದೆಯೇ ಎಂದೂ ಗಮನಿಸಿ. ಹಾಳಾದ ಕರುಳಿಗೆ ಹಾಲಿನ ಸಕ್ಕರೆ ಕೆಲಕಾಲ ಜೀರ್ಣವಾಗುವುದಿಲ್ಲ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಕ್ಯಾಲ್ಸಿಯಂ ಕಡಿಮೆಯಾದೀತೆಂಬ ಭಯ ಬೇಡ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಇಷ್ಟೆಲ್ಲ ಸರಿಮಾಡಿದರೂ ಭೇದಿ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ. ಸೀಲಿಯಾಕ್ ಪತ್ತೆಗೆ ಮಾಡುವ ಟಿಟಿಜಿ ರಕ್ತಪರೀಕ್ಷೆಯನ್ನು ಪಥ್ಯ ಶುರುವಾದ ಆರು ತಿಂಗಳಿಗೆ ಹೇಗೂ ಮಾಡಿಸಬೇಕು. ಅದರ ಅಂಕಿ ಇಳಿಯುತ್ತಿದ್ದರೆ ಪಥ್ಯ ಸರಿದಾರಿಯಲ್ಲಿದೆ.

ಪ್ರಶ್ನೆ: ಮಗನ ಶಾಲೆ ಡಬ್ಬಿಗೆ ಜೋಳದ ರೊಟ್ಟಿ ಕಟ್ಟಿದರೆ ಮಧ್ಯಾಹ್ನಕ್ಕೆ ಹಪ್ಪಳದಂತೆ ಮುರಿಯುತ್ತದೆ. ಪಲ್ಯ ಸುತ್ತಿಕೊಂಡು ತಿನ್ನುವಂಥದ್ದು ಆಗುವುದಿಲ್ಲವೇ? — ಓದುಗರು, ಹರಿಹರ

ಉತ್ತರ: ಚಪಾತಿಗೆ ಎಳೆತ ಕೊಡುವುದೇ ಗ್ಲುಟೆನ್. ಜೋಳದಲ್ಲಿ ಅದಿಲ್ಲದ್ದರಿಂದ ಕುದಿ ನೀರಿನಿಂದ ಜಿಗಿ ಬರಿಸಬೇಕು. ಎರಡು ಲೋಟ ಹಿಟ್ಟಿಗೆ ಒಂದೂವರೆ ಲೋಟ ನೀರು, ಉಪ್ಪು. ನೀರು ತಳಮಳ ಕುದಿಯುವಾಗ ಒಂದೂವರೆ ಲೋಟ ಹಿಟ್ಟು ಸುರಿದು, ಒಲೆ ಆರಿಸಿ, ಕೋಲಿನಿಂದ ತಿರುವಿ ಹತ್ತು ನಿಮಿಷ ಮುಚ್ಚಿಡಿ. ಉಳಿದ ಹಿಟ್ಟಿನ ಮೇಲೆ ಹಾಕಿ, ಬಿಸಿ ಇರುವಾಗಲೇ ಕೈಗೆ ನೀರು ಹಚ್ಚಿಕೊಂಡು ಚೆನ್ನಾಗಿ ನಾದಿ. ಅಂಚು ಸೀಳಿದರೆ ಕಾರಣ ಮೂರರಲ್ಲಿ ಒಂದು: ನೀರು ಪೂರ್ತಿ ಕುದ್ದಿಲ್ಲ, ನಾದಿದ್ದು ಸಾಲದು, ಇಲ್ಲವೇ ಹಿಟ್ಟು ಹಳೆಯದು. ಬೀಸಿ ಎರಡು ವಾರ ದಾಟಿದ ಜೋಳದ ಹಿಟ್ಟಿಗೆ ಜಿಗಿ ಕಡಿಮೆಯಾಗುತ್ತ ಬರುತ್ತದೆ, ಕಹಿಯೂ ಏರುತ್ತದೆ.

ಡಬ್ಬಿಗೆ ಸುತ್ತಿಕೊಳ್ಳುವಂತೆ ಬೇಕಾದರೆ ಒಂದು ಲೋಟ ಜೋಳದ ಹಿಟ್ಟಿಗೆ ಅರ್ಧ ಲೋಟ ಅಕ್ಕಿ ಹಿಟ್ಟು, ಎರಡು ಟೀ ಚಮಚ ಇಸಬ್‌ಗೋಲ್ ಹೊಟ್ಟು. ಹೊಟ್ಟನ್ನು ಒಣ ಹಿಟ್ಟಿನಲ್ಲೇ ಬೆರೆಸಬೇಕು, ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಬಿಸಿನೀರು ಸ್ವಲ್ಪ ಸ್ವಲ್ಪವೇ ಹಾಕಿ ಮೆತ್ತಗೆ ಕಲಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನಾದಿ. ಹೊಟ್ಟು ನೀರು ಹೀರಿ ಹಿಟ್ಟು ಬಿಗಿಯಾಗಿದ್ದರೆ ಇನ್ನೆರಡು ಚಮಚ ನೀರು ಸೇರಿಸಿ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಲಟ್ಟಿಸಿ, ಚೆನ್ನಾಗಿ ಕಾದ ಹಂಚಿನಲ್ಲಿ ಬೇಗ ಬೇಯಿಸಿ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಿಟ್ಟರೆ ಒಣಗಿ ಮತ್ತೆ ಮುರಿಯುತ್ತದೆ. ತೆಗೆದ ಕೂಡಲೇ ಬಟ್ಟೆಯಲ್ಲಿ ಸುತ್ತಿಡಿ. ಹೊಟ್ಟು ಮೂರು ನಾಲ್ಕು ಚಮಚಕ್ಕೆ ಏರಿಸಿದರೆ ರೊಟ್ಟಿ ಅಂಟಂಟಾಗಿ ಬಾಯಿಗೆ ಹಿಡಿಸುವುದಿಲ್ಲ.

ವಾರದಲ್ಲಿ ಎರಡು ದಿನ ಪಡ್ಡು ಕೊಟ್ಟು ನೋಡಿ. ಅಕ್ಕಿ ಉದ್ದಿನ ಹಿಟ್ಟು, ಈರುಳ್ಳಿ, ಹಸಿಮೆಣಸು, ಆರಿದರೂ ಮೆತ್ತಗಿರುತ್ತದೆ. ನವಣೆ ಉಪ್ಪಿಟ್ಟಿಗೆ ಒಂದು ಲೋಟ ನವಣೆ ಅರ್ಧ ಗಂಟೆ ನೆನೆಸಿ, ಎರಡು ಲೋಟ ನೀರು ಸಾಕು.

ಪ್ರಶ್ನೆ: ದಾವಣಗೆರೆಯಲ್ಲಿ ಓದುತ್ತಿದ್ದೇನೆ, ಹಾಸ್ಟೆಲ್ ಊಟ. ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ಬಿಡಬೇಕೇ? ಸ್ನೇಹಿತರ ಜೊತೆ ಹೋದಾಗ ಏನು ತಿನ್ನಲಿ? — ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಬೆಣ್ಣೆ ದೋಸೆಯ ಹಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿಯದು. ಬೆಣ್ಣೆ, ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಯಾವುದರಲ್ಲೂ ಗೋಧಿ ಬೇಕಿಲ್ಲ. ಆದರೆ ಕೆಲವು ಕಡೆ ಗರಿಗರಿಯಾಗಲೆಂದು ಹಿಟ್ಟಿಗೆ ಮೈದಾ ಅಥವಾ ಚಿರೋಟಿ ರವೆ ಬೆರೆಸುತ್ತಾರೆ. ‘ಗೋಧಿ ಇದೆಯಾ?’ ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ, ಏಕೆಂದರೆ ಮೈದಾ, ರವೆ ಗೋಧಿಯದೇ ಎಂದು ಉತ್ತರ ಕೊಡುವವರಿಗೆ ಆ ಕ್ಷಣ ಹೊಳೆಯುವುದಿಲ್ಲ. ‘ಹಿಟ್ಟಿಗೆ ಮೈದಾ, ರವೆ ಹಾಕ್ತೀರಾ? ಇದೇ ಹಂಚಿನಲ್ಲಿ ರವೆ ದೋಸೆ, ಪರೋಟ ಮಾಡ್ತೀರಾ?’ ಎಂದು ದೋಸೆ ಹಾಕುವವರನ್ನೇ ಕೇಳಿ. ಬರೀ ಬೆಣ್ಣೆ ದೋಸೆ ಮಾಡುವ ಹೋಟೆಲು, ಹತ್ತು ಬಗೆ ತಿಂಡಿಯ ಹೋಟೆಲಿಗಿಂತ ನಿಮಗೆ ಮೇಲು.

ಒಗ್ಗರಣೆ ಮಂಡಕ್ಕಿ, ನರ್ಗಿಸ್ ಮಂಡಕ್ಕಿ ಎರಡೂ ಅಕ್ಕಿಯವೇ. ಮೇಲೆ ಉದುರಿಸುವ ಸೇವು, ಖಾರ ಬೇಡ ಎನ್ನಿ, ಅವುಗಳಲ್ಲಿ ಮೈದಾ ಇರಬಹುದು. ಮಿರ್ಚಿಯ ಕಡಲೆಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ತೊಂದರೆ ಇರುವುದು ಬಾಣಲೆಯಲ್ಲಿ. ಅದೇ ಎಣ್ಣೆಯಲ್ಲಿ ಸಮೋಸ, ಮಂಗಳೂರು ಬಜ್ಜಿ ಕರಿದಿದ್ದರೆ ಮುಟ್ಟಬೇಡಿ. ಗೋಬಿ ಮಂಚೂರಿಯನ್ನು ಪೂರ್ತಿ ಬಿಡಬೇಕು: ಹೊರಗಿನ ಹಿಟ್ಟಿನಲ್ಲಿ ಮೈದಾ, ಸೋಯಾ ಸಾಸ್‌ನಲ್ಲಿ ಗೋಧಿ.

ಹಾಸ್ಟೆಲಿನಲ್ಲಿ ಹೆಸರು ನೋಡಿ ಮೋಸಹೋಗಬೇಡಿ. ಇಡ್ಲಿ ರವೆ ಅಕ್ಕಿಯದು, ರವೆ ಇಡ್ಲಿ ಗೋಧಿಯದು. ಚಿತ್ರಾನ್ನ, ಪಲಾವ್, ಮೊಸರನ್ನ, ಬೇಯಿಸಿದ ಮೊಟ್ಟೆ ನಂಬಬಹುದಾದವು. ಸಾಂಬಾರಿನ ಇಂಗಿನ ಡಬ್ಬಿಯನ್ನು ಅಡುಗೆಯವರಿಗೆ ಹೇಳಿ ಒಮ್ಮೆ ನೋಡಿ. ಸಾಧ್ಯವಾದರೆ ಅಕ್ಕಿ ಹಿಟ್ಟಿನ ಇಂಗು ನೀವೇ ತಂದುಕೊಡಿ, ಇಡೀ ಹಾಸ್ಟೆಲಿಗೂ ಅದೇನೂ ದೊಡ್ಡ ಖರ್ಚಲ್ಲ. ಅನ್ನ, ಸಾರು ಬಡಿಸುವ ಮೊದಲೇ ನಿಮ್ಮ ಪಾಲು ಎತ್ತಿಡಲು ಕೇಳಿ, ಚಪಾತಿ ಮುಟ್ಟಿದ ಕೈ, ಸೌಟು ಅನ್ನದ ಪಾತ್ರೆಗೆ ಹೋಗುವುದು ಬಡಿಸುವಾಗಲೇ.

ಪ್ರಶ್ನೆ: ಹೊಟ್ಟೆ ಉಬ್ಬರ, ರಕ್ತಹೀನತೆ ಇತ್ತು. ತಿಂಗಳ ಹಿಂದೆ ನಾನೇ ಗೋಧಿ ಬಿಟ್ಟೆ, ಹಗುರವಾಗಿದೆ. ಇನ್ನು ಪರೀಕ್ಷೆ ಬೇಕೇ? ಈ ಕಾಯಿಲೆ ನಮ್ಮ ಕಡೆ ಇಲ್ಲವಂತಲ್ಲ? — ಓದುಗರು, ಚಳ್ಳಕೆರೆ

ಉತ್ತರ: ಬೇಕು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟಿದ್ದರಿಂದ ಈಗ ಅದು ಕಷ್ಟವಾಗಿದೆ. ಟಿಟಿಜಿ ಪರೀಕ್ಷೆ ಹುಡುಕುವುದು ಗ್ಲುಟೆನ್ ತಿಂದಾಗ ಮೈಯ ಸ್ವಂತ ಕಿಣ್ವವೊಂದರ ವಿರುದ್ಧವೇ ಏಳುವ ಪ್ರತಿಕಾಯಗಳನ್ನು. ಗೋಧಿ ಬಿಟ್ಟರೆ ಅವು ಇಳಿಯುತ್ತವೆ, ಕಾಯಿಲೆ ಇದ್ದರೂ ‘ಇಲ್ಲ’ ಎಂದು ಬರಬಹುದು. ಜಠರ-ಕರುಳಿನ ತಜ್ಞರನ್ನು ಕಾಣಿ. ಕೆಲವು ವಾರ ಮತ್ತೆ ದಿನಾ ಗೋಧಿ ತಿಂದು ಪರೀಕ್ಷೆ ಮಾಡಿಸಲು ಅವರು ಹೇಳಬಹುದು. ಅದನ್ನು ನೀವಾಗಿಯೇ ಶುರುಮಾಡಬೇಡಿ. ರಕ್ತಪರೀಕ್ಷೆ ಹೌದೆಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಚೂರು ತೆಗೆದು ಖಚಿತಪಡಿಸುತ್ತಾರೆ. ಸೀಲಿಯಾಕ್ ಇಲ್ಲದೆಯೂ ಗೋಧಿ ಕೆಲವರಿಗೆ ಉಬ್ಬರ ತರುತ್ತದೆ. ಆಗ ಇಷ್ಟು ಬಿಗಿಯಾದ ಪಥ್ಯ ಬೇಕಿಲ್ಲ. ರಕ್ತಹೀನತೆಗೂ ಬೇರೆ ಕಾರಣ ಹುಡುಕಬೇಕಾಗುತ್ತದೆ.

ನಮ್ಮ ಕಡೆ ಕಡಿಮೆ ನಿಜ, ಇಲ್ಲವೆಂದಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರ ಪ್ರಮಾಣ ಕಂಡಿತ್ತು. ನಿಮಗೆ ಖಚಿತವಾದರೆ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಿಗೂ ರಕ್ತಪರೀಕ್ಷೆ ಮಾಡಿಸಬೇಕು.

ಪ್ರಶ್ನೆ: ಸತ್ಯನಾರಾಯಣ ಪೂಜೆಯ ಸಜ್ಜಿಗೆ ಒಂದು ಚಮಚ ತಿಂದರೆ ಏನಾಗುತ್ತದೆ ಎನ್ನುತ್ತಾರೆ ಅತ್ತೆಯವರು. ಪ್ರಸಾದ ಬೇಡ ಎನ್ನಲು ಮನಸ್ಸು ಬರುವುದಿಲ್ಲ. — ಸೀಲಿಯಾಕ್ ಇರುವ ಸೊಸೆ, ಚಿತ್ರದುರ್ಗ

ಉತ್ತರ: ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್‌ನಂತೆ ಮೂರು ತಿಂಗಳು ಕೊಟ್ಟಾಗ ಕರುಳಿನ ಪದರ ಕೆಟ್ಟದ್ದನ್ನು 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ತೋರಿಸಿದೆ. ಒಂದೇ ಒಂದು ಗ್ರಾಂ ರವೆಯಲ್ಲೇ ಅದಕ್ಕಿಂತ ಹೆಚ್ಚಿದೆ. ಹೊಟ್ಟೆ ನೋಯಲಿಲ್ಲ ಎಂದರೆ ಕರುಳಿಗೆ ಪೆಟ್ಟಾಗಲಿಲ್ಲ ಎಂದಲ್ಲ. ಅತ್ತೆಯವರಿಗೆ ಹೇಳಬೇಕಾದ್ದು ಇದನ್ನೇ. ವೈದ್ಯರ ಮುಂದೆ ಅವರನ್ನೂ ಒಮ್ಮೆ ಕೂರಿಸಿ ಕೇಳಿಸಿದರೆ ಮನೆಯಲ್ಲಿ ವಾದ ಉಳಿಯುವುದಿಲ್ಲ.

ಪೂಜೆಯಲ್ಲಿ ಪಂಚಾಮೃತ, ಬಾಳೆಹಣ್ಣು, ತೆಂಗಿನಕಾಯಿ, ಕಲ್ಲುಸಕ್ಕರೆ ಇದ್ದೇ ಇರುತ್ತವೆ. ಅವೂ ಪ್ರಸಾದವೇ. ಸಜ್ಜಿಗೆಯನ್ನು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ. ನಿಮ್ಮದೇ ಮನೆಯ ಪೂಜೆಯಾದರೆ ಅಕ್ಕಿತರಿಯ ಸಜ್ಜಿಗೆ ಮಾಡಬಹುದು: ತರಿಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಒಂದು ಲೋಟಕ್ಕೆ ಎರಡೂವರೆ ಲೋಟ ಹಾಲು-ನೀರಿನಲ್ಲಿ ಬೇಯಿಸಿ, ಪೂರ್ತಿ ಬೆಂದ ಮೇಲೆ ಸಕ್ಕರೆ ಹಾಕಿ. ಮೊದಲೇ ಸಕ್ಕರೆ ಬಿದ್ದರೆ ತರಿ ಗಟ್ಟಿಯಾಗಿಯೇ ಉಳಿಯುತ್ತದೆ. ಹಬ್ಬದಲ್ಲಿ ಹೋಳಿಗೆಯ ಕಣಕ, ಶೇಂಗಾ ಹೋಳಿಗೆಯ ಹೊದಿಕೆ, ಕರಿಗಡಬು, ಗೋಧಿ ಹುಗ್ಗಿ ಬಿಡಬೇಕು. ಹೂರಣ ಹಾಗೇ ತಿನ್ನಿ, ಇಲ್ಲವೇ ಉಕ್ಕರಿಸಿದ ಅಕ್ಕಿ ಹಿಟ್ಟಿನೊಳಗೆ ತುಂಬಿ ಹಬೆಯಲ್ಲಿ ಕಡುಬು ಬೇಯಿಸಿ. ಶೇಂಗಾ ಉಂಡೆ, ಎಳ್ಳುಂಡೆಗೆ ಅಡ್ಡಿಯಿಲ್ಲ. ತಂಬಿಟ್ಟಿಗೆ ಕೆಲವರು ಗೋಧಿ ಹುರಿದು ಹಾಕುತ್ತಾರೆ, ಕೇಳಿಯೇ ತಿನ್ನಿ.

ಪ್ರಶ್ನೆ: ಸದಕ, ಜವೆ ಗೋಧಿ, ಓಟ್ಸ್, ಅಂಗಡಿಯ ಸಿರಿಧಾನ್ಯ ಬಿಸ್ಕತ್ತು — ಇವು ಆಗುತ್ತವೆಯೇ? — ಓದುಗರು, ಜಗಳೂರು

ಉತ್ತರ: ಸದಕ, ಜವೆ ಗೋಧಿ ಹಳೆಯ ತಳಿಗಳಾದರೂ ಗೋಧಿಯೇ, ಆಗುವುದಿಲ್ಲ. ಅಂಗಡಿಯಲ್ಲಿ ಜವೆ ಎಂದು ಬಾರ್ಲಿ ಕೊಟ್ಟರೂ ಅದೂ ಬೇಡ. ಸಾಮಾನ್ಯ ಓಟ್ಸ್‌ಗೆ ಹೊಲದಲ್ಲಿ, ಕಾರ್ಖಾನೆಯಲ್ಲಿ ಗೋಧಿ ಬೆರೆತಿರುತ್ತದೆ. ಗ್ಲುಟೆನ್ ಮುಕ್ತ ಎಂದು ಬರೆದದ್ದನ್ನು ಮಾತ್ರ, ಕರುಳು ಸುಧಾರಿಸಿದ ಮೇಲೆ, ವೈದ್ಯರನ್ನು ಕೇಳಿ ಶುರುಮಾಡಿ. ರಾಗಿ ಬಿಸ್ಕತ್ತು, ಸಿರಿಧಾನ್ಯ ಶಾವಿಗೆ, ಮಲ್ಟಿಗ್ರೇನ್ ಹಿಟ್ಟುಗಳ ಮುಖದ ಮೇಲಿನ ಹೆಸರು ನೋಡಬೇಡಿ, ಹಿಂದಿನ ಪಟ್ಟಿ ನೋಡಿ. ಪದಾರ್ಥಗಳನ್ನು ತೂಕದ ಪ್ರಕಾರ ಹೆಚ್ಚಿನಿಂದ ಕಡಿಮೆಗೆ ಬರೆದಿರುತ್ತಾರೆ, ಬಹಳಷ್ಟರಲ್ಲಿ ಮೊದಲ ಹೆಸರೇ ಗೋಧಿ ಹಿಟ್ಟು ಅಥವಾ ಮೈದಾ. ಪಟ್ಟಿಯ ಕೆಳಗೆ ಗ್ಲುಟೆನ್ ಇರುವ ಧಾನ್ಯಗಳ ಬಗ್ಗೆ ದಪ್ಪ ಅಕ್ಷರದ ಸೂಚನೆ ಇದ್ದರೆ ಪೊಟ್ಟಣವನ್ನು ಅಲ್ಲೇ ಇಟ್ಟುಬಿಡಿ. ಮೊದಲು ಓದಿ ಒಪ್ಪಿಕೊಂಡ ತಿನಿಸನ್ನೂ ಪ್ರತಿ ಸಲ ಕೊಳ್ಳುವಾಗ ಮತ್ತೆ ಓದಬೇಕು, ಕಂಪನಿಗಳು ಪದಾರ್ಥ ಬದಲಿಸುತ್ತಿರುತ್ತವೆ.