ರೆಸ್ಯೂಮೆಯಲ್ಲಿ ಕಣ್ಣಿನ ವಿಷಯ ಬರೆಯಬೇಕಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯವನು. ಬಿ.ಕಾಂ. ಕೊನೆಯ ವರ್ಷ. ಶೇ 75ರಷ್ಟು ದೃಷ್ಟಿದೋಷ ಇದೆ. ಮೊಬೈಲ್, ಲ್ಯಾಪ್‌ಟಾಪ್ ಓದಿ ಹೇಳುವುದನ್ನು ಕೇಳಿಕೊಂಡೇ ಓದುತ್ತೇನೆ. 'ಕಣ್ಣಿನ ವಿಷಯ ರೆಸ್ಯೂಮೆಯಲ್ಲಿ ಬರೀಬೇಡ, ಯಾರೂ ಕರೆಯೋದೇ ಇಲ್ಲ' ಅಂತಾನೆ ಅಣ್ಣ. ಬ್ಯಾಂಕ್ ಪರೀಕ್ಷೆಗೆ ಮಾತ್ರ ಓದು ಅಂತಾರೆ ಕಾಲೇಜಿನ ಸರ್. ಯಾರ ಮಾತು ಕೇಳಲಿ?

ಉತ್ತರ: ನಿಮ್ಮ ಅಣ್ಣನ ಭಯ ಸುಳ್ಳಲ್ಲ. ಅಂಗವೈಕಲ್ಯದ ಸಾಲು ಕಂಡ ಕೂಡಲೇ ರೆಸ್ಯೂಮೆಯನ್ನು ಪಕ್ಕಕ್ಕಿಡುವವರು ಇದ್ದಾರೆ. ಆದರೆ ಮುಚ್ಚಿಟ್ಟರೆ ಏನಾಗುತ್ತದೆ ನೋಡಿ. ಆನ್‌ಲೈನ್ ಪರೀಕ್ಷೆಯ ದಿನ ಪ್ರಶ್ನೆಯಲ್ಲಿ ಒಂದು ಗ್ರಾಫ್‌ನ ಚಿತ್ರ ಬರುತ್ತದೆ. ಪರದೆಯನ್ನು ಓದಿ ಹೇಳುವ ನಿಮ್ಮ ಸ್ಕ್ರೀನ್ ರೀಡರ್ ತಂತ್ರಾಂಶ 'ಇಮೇಜ್' ಅಂತ ಹೇಳಿ ಸುಮ್ಮನಾಗುತ್ತದೆ. ಗಡಿಯಾರ ಓಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡುತ್ತೀರಿ? ಹಾಗಾಗಿ ಪರೀಕ್ಷೆಗೆ ಮೊದಲೇ ಹೇಳಿ ಅನ್ನುವುದು ನನ್ನ ಸಲಹೆ. ರೆಸ್ಯೂಮೆಯಲ್ಲಿ ಬರೆಯಲು ಮನಸ್ಸಿಲ್ಲದಿದ್ದರೆ ಪರವಾಗಿಲ್ಲ, ಆಯ್ಕೆಪಟ್ಟಿಯಲ್ಲಿ ಹೆಸರು ಬಂದ ದಿನವೇ ಇಮೇಲ್ ಕಳಿಸಿ.

ಏನು ಬರೆಯಬೇಕು ಅನ್ನುವುದು ಮುಖ್ಯ. ಶೇ 75 ಎಂಬ ಅಂಕಿಯಿಂದ ಕಂಪನಿಯವರಿಗೆ ಏನೂ ತಿಳಿಯುವುದಿಲ್ಲ, ಗಾಬರಿ ಆಗುತ್ತದೆ ಅಷ್ಟೆ. ಹೀಗೆ ಬರೆಯಿರಿ: 'ನಾನು ಎನ್‌ವಿಡಿಎ ಸ್ಕ್ರೀನ್ ರೀಡರ್ ಬಳಸಿ ಎಕ್ಸೆಲ್, ಟ್ಯಾಲಿ, ಇಮೇಲ್ ಕೆಲಸ ಮಾಡುತ್ತೇನೆ. ಪರೀಕ್ಷೆಯಲ್ಲಿ ಚಿತ್ರದ ಪ್ರಶ್ನೆಗಳಿದ್ದರೆ ಅಕ್ಷರದಲ್ಲಿ ವಿವರಣೆ ಬೇಕು, ಸ್ವಲ್ಪ ಹೆಚ್ಚಿನ ಸಮಯ ಬೇಕು.' ಮೂರು ಸಾಲು ಸಾಕು. ಕಲಿತದ್ದನ್ನು ಮಾತ್ರ ಬರೆಯಿರಿ. ಟ್ಯಾಲಿ ಬರದಿದ್ದರೆ ಬರೆಯಬೇಡಿ, ಎಕ್ಸೆಲ್ ಅನ್ನೇ ಚೆನ್ನಾಗಿ ಕಲಿಯಿರಿ.

ಒಂದು ದೃಶ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ನಡೆಸಿದ ಒಂದು ಅಣಕು ಸಂದರ್ಶನಕ್ಕೆ ಪೂರ್ತಿ ಕಣ್ಣು ಕಾಣದ ಹುಡುಗಿಯೊಬ್ಬಳು ಬಂದಿದ್ದಳು. 'ನೀವು ಎಕ್ಸೆಲ್ ಹೇಗೆ ನೋಡ್ತೀರಿ?' ಎಂದರು ಸಂದರ್ಶಕರು. ಅವಳು ಉತ್ತರ ಕೊಡಲಿಲ್ಲ. ಲ್ಯಾಪ್‌ಟಾಪ್ ತೆಗೆದು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಬಿಲ್‌ಗಳ ಪಟ್ಟಿ ತೆರೆದಳು. ಕಂಟ್ರೋಲ್ ಒತ್ತಿ ಕೆಳಬಾಣ, ಪಟ್ಟಿಯ ಕೊನೆಗೆ ಹೋದಳು. ಬಿಲ್ ಸಂಖ್ಯೆಯ ಪ್ರಕಾರ ಜೋಡಿಸಿ, ಎರಡು ಸಲ ನಮೂದಾಗಿದ್ದ ಬಿಲ್ ಯಾವುದು ಅಂತ ಹೇಳಿದಳು. ಸಂದರ್ಶಕರು ಇಯರ್‌ಫೋನ್ ಕೇಳಿ ಪಡೆದು ಕಿವಿಗಿಟ್ಟುಕೊಂಡರು. ಮಾತು ಕಡಲೆ ಹುರಿದ ಹಾಗೆ ಚಟಚಟ ಓಡುತ್ತಿತ್ತು, ಅವರಿಗೆ ಒಂದು ಪದವೂ ಅರ್ಥವಾಗಲಿಲ್ಲ. ಆಮೇಲೆ ಕಣ್ಣಿನ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ, ಜಿಎಸ್‌ಟಿ ಬಗ್ಗೆ ಕೇಳಿದರು. ನೀವೂ ಇದನ್ನೇ ಅಭ್ಯಾಸ ಮಾಡಿ. ಎರಡು ನಿಮಿಷದಲ್ಲಿ ಮಾಡಿ ತೋರಿಸುವಂಥ ಒಂದು ಕೆಲಸ ಕೈಯಲ್ಲಿರಲಿ. ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ.

ನಿಮ್ಮ ಸರ್ ಹೇಳಿದ್ದೂ ಸರಿ. 'ಮಾತ್ರ' ಎಂಬ ಪದ ಬಿಟ್ಟುಬಿಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4ರಷ್ಟು ಮೀಸಲಾತಿ ಇದೆ. ಅದರಲ್ಲಿ ಶೇ 1 ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ. ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯದ ಪ್ರಮಾಣಪತ್ರ ಇರಬೇಕು. 2021ರ ಜೂನ್‌ನಿಂದ ಪ್ರಮಾಣಪತ್ರ ಸಿಗುವುದು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕವೇ. ನಿಮ್ಮದು ಹಳೆಯ ಪುಸ್ತಕದ ರೂಪದಲ್ಲಿದ್ದರೆ ಇವತ್ತೇ ಅರ್ಜಿ ಹಾಕಿ. ಫಾರ್ಮ್ ತುಂಬುವ ಕೊನೆಯ ವಾರದಲ್ಲಿ ಆಸ್ಪತ್ರೆಗೆ ಅಲೆದು ಅವಕಾಶ ಕಳೆದುಕೊಂಡವರನ್ನು ಕಂಡು ನನಗೆ ಬಹಳ ಬೇಜಾರಾಗಿದೆ.

ಇನ್ನೊಂದು ಮಾತು. ಅಧಿಸೂಚನೆಯಲ್ಲಿ ಯಾವ ಹುದ್ದೆಗೆ ಯಾವ ಬಗೆಯ ಅಂಗವೈಕಲ್ಯದವರು ಅರ್ಹರು ಎಂಬ ಪಟ್ಟಿ ಇರುತ್ತದೆ. ಎರಡು ವರ್ಷ ಓದಿದ ಮೇಲಲ್ಲ, ಓದಲು ಕೂರುವ ಮೊದಲೇ ಆ ಪಟ್ಟಿ ನೋಡಿ. ಸ್ಕ್ರೈಬ್, ಅಂದರೆ ನೀವು ಹೇಳಿದ ಉತ್ತರ ಬರೆದುಕೊಡುವವರನ್ನು, ತೆಗೆದುಕೊಳ್ಳುವವರಿಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಅದು ಸಾಕಾಗಬೇಕಾದರೆ ಸ್ಕ್ರೈಬ್ ಜೊತೆ ಕೂತು ಅಭ್ಯಾಸ ಆಗಿರಬೇಕು. ಲೆಕ್ಕವನ್ನು ಬಾಯಲ್ಲಿ ಹೇಳಿ ಬರೆಸುವುದು ಬೇರೆಯದೇ ವಿದ್ಯೆ. ತಿಂಗಳಿಗೆ ನಾಲ್ಕು ಪ್ರಶ್ನೆಪತ್ರಿಕೆಯಾದರೂ ಹೀಗೆ ಮಾಡಿ.

ಬೆಂಗಳೂರಿಗೆ ಬರಲು ಆದರೆ ಎನೇಬಲ್ ಇಂಡಿಯಾ, ಸಮರ್ಥನಂ, ಮಿತ್ರ ಜ್ಯೋತಿ ಸಂಸ್ಥೆಗಳನ್ನು ಸಂಪರ್ಕಿಸಿ. ಕಂಪ್ಯೂಟರ್ ತರಬೇತಿ, ಉದ್ಯೋಗದ ಸಿದ್ಧತೆ ಎರಡರಲ್ಲೂ ಇವರಿಗೆ ಹಲವು ವರ್ಷಗಳ ಅನುಭವ ಇದೆ.

ಪ್ರಶ್ನೆ: ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಬಿಸಿಎ ಮುಗಿಸಿ ಎಂಟು ತಿಂಗಳಾಯಿತು. ಮೂವತ್ತಕ್ಕಿಂತ ಹೆಚ್ಚು ಕಡೆ ಅರ್ಜಿ ಹಾಕಿದ್ದಾನೆ. ಒಂದು ಉತ್ತರವೂ ಇಲ್ಲ. ದಿನವಿಡೀ ಕೋಣೆಯಲ್ಲೇ ಇರುತ್ತಾನೆ. (ತಾಯಿ, ಶಿವಮೊಗ್ಗ)

ಉತ್ತರ: ಅಮ್ಮಾ, ಮೊದಲು ಅವನ ರೆಸ್ಯೂಮೆ ತೆಗೆದು ನೋಡಿ. ಮೇಲೆ ಬರೀ ಮೊಬೈಲ್ ನಂಬರ್ ಇದೆಯಾ? ಕಂಪನಿಯವರು ಫೋನ್ ಮಾಡಿರುತ್ತಾರೆ. ಎರಡು ಸಲ ರಿಂಗ್ ಆಗಿ ಯಾರೂ ಎತ್ತದಿದ್ದರೆ ಮುಂದಿನ ಹೆಸರಿಗೆ ಹೋಗಿಬಿಡುತ್ತಾರೆ. ನನ್ನ ಬಳಿ ಬರುವ ಕಿವಿ ಕೇಳದ ಹುಡುಗರಲ್ಲಿ ಪದೇ ಪದೇ ಕಾಣುವ ತೊಂದರೆ ಇದು. ಅವನ ಫೋನಿನಲ್ಲಿ ಮಿಸ್ಡ್ ಕಾಲ್ ಪಟ್ಟಿಯನ್ನು ಒಮ್ಮೆ ಇಬ್ಬರೂ ಕೂತು ನೋಡಿ. ಗೊತ್ತಿಲ್ಲದ ನಂಬರ್‌ಗಳಿಗೆ ಇವತ್ತೇ ಮೆಸೇಜ್ ಕಳಿಸಲಿ.

ಹೆಸರಿನ ಕೆಳಗೇ ದಪ್ಪ ಅಕ್ಷರದಲ್ಲಿ ಬರೆಯಲಿ: 'ನನಗೆ ಕಿವಿ ಕೇಳಿಸುವುದಿಲ್ಲ. ದಯವಿಟ್ಟು ವಾಟ್ಸ್‌ಆ್ಯಪ್ ಅಥವಾ ಇಮೇಲ್ ಮಾಡಿ.' ಹಾವೇರಿಯವರಿಗೆ ರೆಸ್ಯೂಮೆಯಲ್ಲಿ ಬರೆಯುವುದು ನಿಮ್ಮಿಷ್ಟ ಎಂದೆ. ನಿಮ್ಮ ಮಗನಿಗೆ ಹಾಗೆ ಹೇಳುವುದಿಲ್ಲ, ಅವನು ಬರೆಯಲೇಬೇಕು. ಸಂದರ್ಶನಕ್ಕೆ ಕರೆ ಬಂದರೆ ಸೈನ್ ಲ್ಯಾಂಗ್ವೇಜ್ ಬಲ್ಲ ದುಭಾಷಿ ಬೇಕು, ಇಲ್ಲವೇ ಚಾಟ್‌ನಲ್ಲಿ ಬರೆದು ಉತ್ತರಿಸುತ್ತೇನೆ ಅಂತ ಮೊದಲೇ ಕೇಳಲಿ. ಕೇಳುವುದರಲ್ಲಿ ಸಂಕೋಚ ಬೇಡ. ಅದೇ 2016ರ ಕಾಯ್ದೆ ಇಂಥ ಅನುಕೂಲದ ಬಗ್ಗೆ ಹೇಳುತ್ತದೆ. 2021ರಲ್ಲಿ ಬರವಣಿಗೆಯ ತೊಂದರೆ ಇದ್ದ ಅಭ್ಯರ್ಥಿಯೊಬ್ಬರಿಗೆ ಸ್ಕ್ರೈಬ್ ಕೊಡಬೇಕೆಂದು ಹೇಳಿದಾಗ ಸುಪ್ರೀಂ ಕೋರ್ಟ್ ಕೂಡ ಈ ಅನುಕೂಲವನ್ನು ಹಕ್ಕಿನ ದೃಷ್ಟಿಯಿಂದಲೇ ನೋಡಿತು.

ಬಿಸಿಎ ಮಾಡಿದವನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್, ಡೇಟಾ ಕೆಲಸ, ವೆಬ್ ಡಿಸೈನ್ ಚೆನ್ನಾಗಿ ಹೊಂದುತ್ತವೆ. ಇಲ್ಲೆಲ್ಲ ಹೆಚ್ಚಿನ ಮಾತುಕತೆ ಬರವಣಿಗೆಯಲ್ಲೇ ನಡೆಯುತ್ತದೆ. ಅದಕ್ಕೆ ಇಂಗ್ಲಿಷ್‌ನಲ್ಲಿ ಸಣ್ಣ ಸಣ್ಣ ವಾಕ್ಯ ಬರೆಯುವ ಅಭ್ಯಾಸ ದಿನವೂ ಅರ್ಧ ಗಂಟೆ ಇರಲಿ. ಸೈನ್ ಲ್ಯಾಂಗ್ವೇಜ್‌ನ ವಾಕ್ಯರಚನೆ ಬೇರೆ, ಅದಕ್ಕೇ ಬರವಣಿಗೆಯಲ್ಲಿ ತಪ್ಪಾಗುತ್ತದೆ. ಅದು ದಡ್ಡತನ ಅಲ್ಲ ಅಂತ ಅವನಿಗೆ ಹೇಳಿ.

ಕೋಣೆಯಿಂದ ಹೊರಗೆ ತರಲು ಅಪ್ಪ ಅಮ್ಮನ ಬುದ್ಧಿಮಾತಿಗಿಂತ ಅವನ ಹಾಗೇ ಇದ್ದು ಕೆಲಸಕ್ಕೆ ಹೋಗುತ್ತಿರುವ ಒಬ್ಬ ಗೆಳೆಯ ಜಾಸ್ತಿ ಸಹಾಯ ಮಾಡುತ್ತಾನೆ. ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪು ಇದ್ದೇ ಇರುತ್ತದೆ, ಅಲ್ವಾ? ಅಲ್ಲಿಂದ ಶುರು ಮಾಡಲಿ. ಕೆಲಸಕ್ಕೆ ನೋಂದಾಯಿಸಲು, ಯಾವ ಕೆಲಸ ಹೊಂದುತ್ತದೆ ಎಂದು ತಿಳಿಯಲು ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ್ದೇ ವಿಕಲಚೇತನರ ವೃತ್ತಿ ಸೇವಾ ಕೇಂದ್ರ ಇದೆ. ಒಮ್ಮೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಪ್ಲೇಸ್‌ಮೆಂಟ್ ಅಧಿಕಾರಿ. ನಮ್ಮಲ್ಲಿ ನಾಲ್ವರು ವಿಕಲಚೇತನ ವಿದ್ಯಾರ್ಥಿಗಳಿದ್ದಾರೆ. ಕ್ಯಾಂಪಸ್ ಡ್ರೈವ್‌ಗೆ ಒಬ್ಬರೂ ಬರುವುದಿಲ್ಲ. ಆಸಕ್ತಿ ಮೂಡಿಸುವುದು ಹೇಗೆ?

ಉತ್ತರ: ಆಸಕ್ತಿ ಇಲ್ಲ ಅಂತ ತೀರ್ಮಾನ ಮಾಡುವ ಮೊದಲು ಡ್ರೈವ್ ನಡೆಯುವ ಜಾಗ ನೋಡಿ. ಎರಡನೇ ಮಹಡಿಯ ಸೆಮಿನಾರ್ ಹಾಲ್ ಆದರೆ ನೆಲಮಹಡಿಗೆ ತನ್ನಿ. ಕಂಪನಿಗೆ ಒಂದು ವಾರ ಮೊದಲೇ ಪತ್ರ ಬರೆದು, ಯಾರಿಗೆ ಏನು ಅನುಕೂಲ ಬೇಕು ಎಂದು ತಿಳಿಸಿ. ಬರೆಯುವ ಮೊದಲು ಆ ವಿದ್ಯಾರ್ಥಿಗಳನ್ನೇ ಕೇಳಿ, ಅವರ ಒಪ್ಪಿಗೆ ಪಡೆಯಿರಿ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ಸಮಾನ ಅವಕಾಶ ನೀತಿಯಲ್ಲಿ ಇಂಥ ವಿವರಗಳು ಇರಬೇಕೆಂದು ನಿಯಮವೇ ಇದೆ. ಅದರ ಪ್ರತಿ ಕೇಳಿ ನೋಡಿ.

ಕೊನೆಯ ವರ್ಷದ ತನಕ ಕಾಯಬೇಡಿ. ಎರಡನೇ ವರ್ಷದ ರಜೆಯಲ್ಲೇ ಇಂಟರ್ನ್‌ಶಿಪ್ ಸಿಗಬೇಕು. ಎಲ್ಲೂ ಸಿಗದಿದ್ದರೆ ನಿಮ್ಮ ಕಾಲೇಜು ಕಚೇರಿಯಲ್ಲೇ ತಿಂಗಳು ಕೆಲಸ ಕೊಡಿ. ಅನುಭವ ಪತ್ರ ಅವರ ಕೈಯಲ್ಲಿರುತ್ತದೆ.

ನಿಮ್ಮ ನೋಟಿಸ್ ಯಾವ ಫಾಂಟ್‌ನಲ್ಲಿದೆ ಎಂದೂ ನೋಡಿ. 'ನುಡಿ' ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದರೆ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಸ್ಕ್ರೀನ್ ರೀಡರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದೂ ಇಲ್ಲ, ಖಾಲಿ ಹಾಳೆ. ಡ್ರೈವ್‌ನ ದಿನಾಂಕವೇ ಅವರಿಗೆ ತಲುಪದೆ ಹೋಗಿರಬಹುದು. ನಾಳೆ ಆ ನಾಲ್ವರಲ್ಲಿ ಕಣ್ಣು ಕಾಣದವರು ಇದ್ದರೆ ಕರೆದು ಕೂರಿಸಿ. ನಿಮ್ಮ ಹೋದ ಸಲದ ನೋಟಿಸ್ ಅನ್ನು ಅವರ ಮೊಬೈಲ್‌ನಲ್ಲಿ ಓದಿಸಿ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ.